ಗಂಜಿ ಗುಡಿಯ ಒಡೆದ ಗಾಜು

ಒಂಬತ್ತನೆಯ ಕಂತು

"ಅರಿಶಿನ ಯಾಕಮ್ಮ? ಚರ್ಚೊಳಗೆ ಯಾರಿಗೆ ಆರತಿ ಎತ್ತೋಕೆ ಹೊರಟಿದ್ದೀಯ?" ಎಂದಳು ಲೂರ್ದಮ್ಮ.

ರಮ್ಯಶ್ರೀಯ ಬಳಿ ಸ್ಟೀಲ್ ಲೋಟದಲ್ಲಿ ಅರಿಶಿನ ಕದಡಿದ ನೀರು, ಕೈಯಲ್ಲಿ ಒಂದು ಉಂಡೆ ಹತ್ತಿ. ಕಮಾನಿನಿಂದ ಕಿಟಕಿಯವರೆಗೆ ಇಳಿದಿದ್ದ ಬಿರುಕಿನ ಮುಂದೆ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು.

ಲೂರ್ದಮ್ಮನ ಗಂಡ ಇನ್ನಾಸಪ್ಪ ಇದೇ ಚರ್ಚಿನ ಗಾಯನ ಮಾಳಿಗೆಯಿಂದ ಬಿದ್ದು ಸತ್ತು ಇವತ್ತಿಗೆ ಹದಿನೆಂಟು ದಿನ. ಗೆದ್ದಲು ಹಿಡಿದ ಹಲಗೆ ಮುರಿಯಿತು ಎಂದು ಬರೆದು ಪೊಲೀಸರು ಮಾಳಿಗೆಗೆ ಬೀಗ ಹಾಕಿದ್ದರು, ಫೈಲಿಗೂ ಹಾಕಿದ್ದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಚರ್ಚು ಕೆಡವಲು ಜೆಸಿಬಿ ಬರುವುದಿತ್ತು. ಅದು ಬಂದು ಹೋದರೆ ಹುಡುಕುವುದಕ್ಕೆ ಗೋಡೆಯೂ ಇರುವುದಿಲ್ಲ, ಮಾಳಿಗೆಯೂ ಇರುವುದಿಲ್ಲ. ಮೊಣಕಾಲು ನೋವಿನ ಮುದುಕ ಯಾರೂ ಹತ್ತದ ಮಾಳಿಗೆಗೆ ಮಂಗಳವಾರದ ಮಧ್ಯಾಹ್ನ ಯಾಕೆ ಹತ್ತಿದ? ಅಷ್ಟು ಹೇಳಿಬಿಡಮ್ಮ ಸಾಕು ಎಂದು ಲೂರ್ದಮ್ಮ ಕೇಳಿದ್ದಳು. ಹೇಳುತ್ತೇನೆ ಎಂದು ಪತ್ತೇದಾರಿಕೆ ಮಾಡುವ ರಮ್ಯಶ್ರೀ ಮಾತು ಕೊಟ್ಟಿದ್ದಳು. ಇವತ್ತು ಶನಿವಾರ.

ಕಗ್ಗಲಿಪಾಳ್ಯದವರು ಈ ಚರ್ಚನ್ನು ಗಂಜಿ ಗುಡಿ ಅನ್ನುತ್ತಾರೆ. ಪುನೀತ ರಾಯಪ್ಪರ ದೇವಾಲಯ ಎಂದು ಬೋರ್ಡಿನಲ್ಲಿದ್ದಂತೆ ಹೇಳಿದರೆ ಆಟೋದವರು ಲಿಂಗರಾಜಪುರವನ್ನೆಲ್ಲ ಒಂದು ಸುತ್ತು ಹಾಕಿಸಿ ಆಮೇಲೆ ನಿಮ್ಮನ್ನೇ ದಾರಿ ಕೇಳುತ್ತಾರೆ. ಗಂಜಿ ಗುಡಿ ಅಂದರೆ ಸೀದಾ ತಂದು ಇಳಿಸುತ್ತಾರೆ. ಆ ಹೆಸರು ಯಾಕೆ ಬಂತು ಎಂದು ಇನ್ನಾಸಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ನಲವತ್ತು ವರ್ಷ ಇಲ್ಲಿ ಗಂಟೆ ಹೊಡೆದು, ನೆಲ ಗುಡಿಸಿ, ಮೇಣದಬತ್ತಿ ಹಚ್ಚಿದ ಮನುಷ್ಯ, ಚರ್ಚಿನ ನೂರೈವತ್ತನೇ ವರ್ಷಕ್ಕೆ ಅದರ ಚರಿತ್ರೆ ಬರೆಯಲು ಹೊರಟಿದ್ದ.

'ಧಾತು ವರ್ಷದ ಬರದಲ್ಲಿ ಫ್ರೆಂಚ್ ಸ್ವಾಮಿಗಳು ಇಟ್ಟಿಗೆ ಹೊತ್ತವರಿಗೆ ಗಂಜಿ ಹಾಕಿ ಕಟ್ಟಿಸಿದ ಗುಡಿ ಇದು. ಗೋಡೆ ಎರಡೂವರೆ ಅಡಿ ದಪ್ಪ. ಇಷ್ಟು ಸಣ್ಣ ಗುಡಿಗೆ ಅಷ್ಟು ದಪ್ಪ ಬೇಕಿರಲಿಲ್ಲ. ಗೋಡೆ ಮುಗಿದರೆ ಗಂಜಿಯೂ ಮುಗಿಯುತ್ತದಲ್ಲ, ಅದಕ್ಕೇ ಸ್ವಾಮಿಗಳು ಮುಗಿಸದೆ ದಪ್ಪ ಮಾಡಿಸುತ್ತಾ ಹೋದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಮುಂದುಗಡೆ ಎರಡು ಗೋಪುರ ಏಳಬೇಕಿತ್ತು. ಎಡಗಡೆಯದು ಅರ್ಧಕ್ಕೇ ನಿಂತಿದೆ. ಅದರ ಇಟ್ಟಿಗೆಯ ಕಾಸು ರಾಗಿಗೆ ಹೋಯಿತು. ಹಾಡುವವರಿಗೆಂದು ಹೆಬ್ಬಾಗಿಲ ಮೇಲೆ ತೇಗದ ತೊಲೆ ಹಾಕಿ ಮಾಳಿಗೆ ಮಾಡಿದ್ದಾರೆ. ಆ ಮಾಳಿಗೆಯ ಹಿಂದಿನ ಗೋಡೆಯಲ್ಲಿ'

ಬರವಣಿಗೆ ಅಲ್ಲಿಗೇ ನಿಂತಿತ್ತು. ಗೋಡೆಯಲ್ಲಿ ಏನು ಎಂದು ಹೇಳುವ ಮೊದಲೇ ಅವನು ಹೋಗಿದ್ದ.

ರಮ್ಯಶ್ರೀ ಬಿರುಕನ್ನು ಮತ್ತೆ ನೋಡಿದಳು. ಬಿರುಕು ಬೆಳೆಯುತ್ತಿದೆಯೋ ಸುಮ್ಮನಿದೆಯೋ ತಿಳಿಯಲು ಅದರ ಅಡ್ಡಕ್ಕೆ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಸುಣ್ಣದ ಗಾರೆ ಮೆತ್ತಿ, ಮೇಲೆ ತಾರೀಖು ಗೀಚುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಪಟ್ಟೆಂದು ಒಡೆಯುತ್ತದೆ. ಇಲ್ಲಿ ಆರು ಪಟ್ಟಿಗಳಿದ್ದವು. ಆರರ ಮೇಲೂ ಜನವರಿ ಹನ್ನೆರಡು. ಆರೂ ಒಡೆದಿದ್ದವು. ಅವನ್ನು ನೋಡಿಯೇ ಇಂಜಿನಿಯರ್ ಕಟ್ಟಡ ಅಪಾಯದಲ್ಲಿದೆ ಎಂದು ಬರೆದುಕೊಟ್ಟದ್ದು, ಫಾದರ್ ಕೆಡವಲು ಒಪ್ಪಿದ್ದು.

ಅವಳು ಕಿಟಕಿಯ ದಂಡೆಯನ್ನು ಮೊಳೆಯಿಂದ ಕೆರೆದಳು. ಅದು ಜನವರಿಯಲ್ಲೇ ರಿಪೇರಿಯಾದ ಗಾರೆ. ಅರಿಶಿನದ ಹತ್ತಿ ಒತ್ತಿದಳು. ಹಳದಿ ಹಳದಿಯಾಗಿಯೇ ಉಳಿಯಿತು.

ಮೊದಲ ಗಾಜಿನ ಪಟ್ಟಿಯ ಗಾರೆಯನ್ನೂ ಅಷ್ಟೇ ಕೆರೆದು ಹತ್ತಿ ಒತ್ತಿದಳು. ಹಳದಿ ನೋಡನೋಡುತ್ತ ಕೆಂಪಗಾಯಿತು.

"ಅಯ್ಯೋ! ಹಸಿ ಸುಣ್ಣ!" ಎಂದಳು ಲೂರ್ದಮ್ಮ. ಆರತಿಯ ನೀರು ಕಲಸುವುದನ್ನು ಅಕ್ಕಪಕ್ಕದ ಮನೆಗಳಲ್ಲಿ ನೋಡಿ ಬೆಳೆದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಸಿ ಸುಣ್ಣ ಸೋಕಿದರೆ ಅರಿಶಿನ ಕೆಂಪಾಗುತ್ತದೆ. ತಿಂಗಳುಗಟ್ಟಲೆ ಗಾಳಿ ಕುಡಿದ ಸುಣ್ಣಕ್ಕೆ ಆ ಗುಣ ಇರುವುದಿಲ್ಲ.

"ಇನ್ನೊಂದು ನೋಡಿ ಆಂಟಿ. ಗಾಜಿನ ಎರಡು ಚೂರಿನ ಮಧ್ಯೆ ಗಾರೆ ಉಕ್ಕಿ ಬಂದಿದೆ. ಅಂಟಿಸಿದ ಮೇಲೆ ಒಡೆದಿದ್ರೆ ಅಲ್ಲಿಗೆ ಹೇಗೆ ಬರುತ್ತೆ? ಮೊದಲೇ ಒಡೆದ ಗಾಜನ್ನ ತಂದು ಅಂಟಿಸಿದ್ದಾರೆ. ಈ ಗೋಡೆ ಅಲ್ಲಾಡೇ ಇಲ್ಲ."

ಹೆಬ್ಬಾಗಿಲಲ್ಲಿ ನಿಂತಿದ್ದ ಭಗವಂತರಾಯ ತಲೆಯ ಟವೆಲು ಬಿಚ್ಚಿ ಎರಡು ಕೈಯಲ್ಲೂ ಹಿಂಡತೊಡಗಿದ. ಕಲಬುರಗಿ ಕಡೆಯ ಮೇಸ್ತ್ರಿ. ಈ ಭಾಗದಲ್ಲಿ ಗಾರೆ ಕೆಲಸ ಬಲ್ಲವನು ಅವನೊಬ್ಬನೇ. ದಂಡೆ ಸ್ವಲ್ಪ ನೋಡಬೇಕಿತ್ತು ಎಂದು ಸುಳ್ಳು ಹೇಳಿ ರಮ್ಯಶ್ರೀ ಅವನನ್ನು ಕರೆಸಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಅವಳು ಇನ್ನೂ ಕಳ್ಳ ಅಂದೇ ಇರಲಿಲ್ಲ.

"ಇದು ಯಾವತ್ತಿನ ಗಾರೆ, ಮೇಸ್ತ್ರಿ?"

"ಬರದದಲ್ರಿ ಅಕ್ಕಾರ. ಜನವರಿ ಅಂತ."

"ಅರಿಶಿನಕ್ಕೆ ಓದೋಕೆ ಬರಲ್ಲ. ನೀವು ಹೇಳಿ."

ಅವನು ನೆಲ ನೋಡಿದ. ಅವಳೂ ನೆಲವನ್ನೇ ತೋರಿಸಿದಳು. "ಪ್ರತಿ ಪಟ್ಟಿ ಕೆಳಗೂ ನೀರು ಸೋರಿ ನೆಲದವರೆಗೂ ಬಿಳಿ ಗೆರೆ ಬಿದ್ದಿದೆ. ಜನವರಿ ಗಾರೆಗೆ ಇತ್ತೀಚೆಗೆ ನೀರು ಹಾಕಿದ್ಯಾರು?"

"ಹಾಕ್ಲಿಕ್ಕೇ ಬೇಕಲ್ರಿ!" ಎಂದು ಭಗವಂತರಾಯ ತಟ್ಟನೆ ತಲೆಯೆತ್ತಿದ. "ಗಾರಿ ಮೆತ್ತಿ ಹಂಗೇ ಬಿಟ್ಟು ಹೋದ್ರ ಹೆಂಗ್ರಿ? ಹತ್ತು ದಿನ ಹಸಿ ಗೋಣಿತಟ್ಟು ಹಚ್ಚಿ ನೀರು ಕೊಡಬೇಕು. ಇಲ್ಲಂದ್ರ ಬಿರೀತದ. ನಮ್ಮಪ್ಪ ನನಗ ಅಷ್ಟು ಕಲಿಸ್ಯಾನ."

ಹೇಳಿಬಿಟ್ಟ ಮೇಲೆ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

ಮೋಸದ ಕೆಲಸಕ್ಕೂ ಹತ್ತು ದಿನ ನೀರು ಹಾಕಿದ ಮನುಷ್ಯನನ್ನು ರಮ್ಯಶ್ರೀ ಮೊದಲ ಸಲ ನೋಡುತ್ತಿದ್ದಳು. ಬೇರೆ ಯಾರಾದರೂ ಒಂದು ಹಿಡಿ ಸಿಮೆಂಟು ಬಳಿದು ಕೈ ತೊಳೆದುಕೊಂಡು ಹೋಗಿರುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನ ಮೇಲೆ ಕೋಪ ಬರಲಿ ಎಂದು ಕಾದಳು. ಬರಲಿಲ್ಲ.

"ಇನ್ನಾಸಪ್ಪ ನೋಡಿದ್ರಾ?"

"ನೋಡಿದ್ರಿ. ಜನವರಿದಕ್ಕ ಈಗ್ಯಾಕೋ ನೀರು ಅಂತ ಕೇಳಿದ್ರು. ನಾ ಸುಮ್ನ ನಿಂತೆ. ಅವ್ರು ನಕ್ಕು ಹೋದ್ರು. ಅದಾಗಿ ಮೂರು ದಿನಕ್ಕ..." ಅವನು ಲೂರ್ದಮ್ಮನ ಕಡೆ ನೋಡಲಾರದೆ ಗೋಡೆಗೆ ತಿರುಗಿದ.

"ಯಾರು ಮಾಡಿಸಿದ್ದು?"

"ಗುಡಿ ಮಂದಿ ಮ್ಯಾಲ ಬೀಳ್ತದ, ಫಾದರು ಕೇಳವಲ್ರು, ಹಿಂಗ ಮಾಡಿದ್ರಷ್ಟೇ ಕೇಳ್ತಾರ ಅಂದ್ರು. ನಾ ನಂಬಿದೆ. ಅವ್ರ ವಠಾರದಾಗೇ ಬಾಡಿಗಿ ಅದೀವ್ರಿ, ಒಲ್ಲೆ ಅನ್ಲಿಕ್ಕೆ ಬಾಯಿ ಬರಲಿಲ್ಲ."

"ಅವ್ರು ಅಂದ್ರೆ ಯಾರು?"

"ನೀವು ಕೇಳಬ್ಯಾಡ್ರಿ ಅಕ್ಕಾರ."

"ಕೇಳೋದೇ ನನ್ನ ಕೆಲಸ."

ಅವನು ಟವೆಲನ್ನು ಮತ್ತೆ ಹಿಂಡಿದ. "ನಿಮ್ಮ ಸೋದರಮಾವ್ರ ಅದಾರಲ್ರಿ. ಮುನಿಶಾಮಿ ಸಾಹೇಬ್ರು."

ರಮ್ಯಶ್ರೀಯ ಕೈಯಲ್ಲಿದ್ದ ಲೋಟ ನೆಲಕ್ಕೆ ಬೀಳಲಿಲ್ಲ. ಸಿನಿಮಾದಲ್ಲಿ ಮಾತ್ರ ಬೀಳುತ್ತದೆ. ಅವಳು ಅದನ್ನು ಜೋಪಾನವಾಗಿ ಕಿಟಕಿಯಲ್ಲಿಟ್ಟು, ಕೈ ಒರೆಸಿಕೊಂಡಳು.

ಮೊದಲು ಮಾತಾಡಿದ್ದು ಲೂರ್ದಮ್ಮ. "ಮುನಿಶಾಮಿ ಸಾಹೇಬ್ರಾ? ನನ್ನನ್ನ ನಿನ್ನ ಆಫೀಸಿಗೆ ಕೈ ಹಿಡಿದು ಕರ್ಕೊಂಡ್ ಬಂದಿದ್ದೇ ಅವ್ರಲ್ವೇನಮ್ಮ?"

ಹೌದು, ಅವರೇ. ಅಪ್ಪ ಸತ್ತಾಗ ಏಳು ವರ್ಷದವಳಾಗಿದ್ದ ರಮ್ಯಶ್ರೀಯನ್ನೂ ಅವಳ ಅಮ್ಮನನ್ನೂ ಮನೆಗೆ ಕರೆತಂದು ಸಾಕಿದ್ದು ಅವರೇ. ಇನ್‌ಸ್ಪೆಕ್ಟರಾಗಿ ರಿಟೈರಾದ ಮೇಲೆ, ಪುಲಿಕೇಶಿನಗರದ ಬೇಕರಿಯ ಮೇಲೆ ಅವಳಿಗೊಂದು ಪತ್ತೇದಾರಿ ಆಫೀಸು ಹಾಕಿಕೊಟ್ಟು, ಗೋಡೆಗೆ ಗಡಿಯಾರ ತೂಗುಹಾಕಿದ್ದೂ ಅವರೇ. 'ಪಾಪದ ಹೆಂಗಸು, ಇವಳಿಗೊಂದು ನ್ಯಾಯ ಕೊಡ್ಸು ಮಗಾ' ಎಂದಿದ್ದರು.

ಈ ಹದಿನೈದು ದಿನ ಪ್ರತಿ ಸಂಜೆ ಅವಳು ಮಾವನಿಗೆ ಎಲ್ಲ ಹೇಳಿದ್ದಳು. ಮಾಳಿಗೆಯ ಮರಗೆಲಸ ಬಲ್ಲ ಬಡಗಿಯನ್ನು ನಾಳೆ ಕಾಣುತ್ತೇನೆ ಎಂದಳು. ಮಾರನೆಯ ದಿನ ಬಡಗಿಯ ಮನೆಗೆ ಬೀಗ, ಊರಿಗೆ ಹೋದನಂತೆ. ಎದುರಿನ ಅಂಗಡಿಯ ಕ್ಯಾಮೆರಾ ನೋಡಬೇಕು ಎಂದಳು. ಹೋದಾಗ ಅದರಲ್ಲಿ ಆ ತಿಂಗಳಿಡೀ ಅಳಿಸಿತ್ತು. ತನ್ನ ಗ್ರಹಚಾರ ಎಂದುಕೊಂಡಿದ್ದಳು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಯಾವ ಮೂಲೆಯಲ್ಲಿ ಬೆಳೆ ಇದೆ ಎಂದು ದಿನಾ ಹೇಳುತ್ತಿದ್ದವಳು ಇವಳೇ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನೋವಾಯಿತು.

"ಈಗ ಬಿಟ್ಬಿಡ್ತೀಯಾ?" ಲೂರ್ದಮ್ಮ ಕೇಳಿದಳು. ಧ್ವನಿಯಲ್ಲಿ ಆಪಾದನೆ ಇರಲಿಲ್ಲ. ಬಿಟ್ಟರೆ ತಿಳಿಸಿಬಿಡು ಅನ್ನುವಂತಿತ್ತು.

"ಇಲ್ಲ ಆಂಟಿ. ಯಾರೇ ಆಗಿರ್ಲಿ, ನಿಮ್ಮ ಮುಂದೆ ಬಂದು ಹೇಳ್ತೀನಿ. ಆಣೆ."

ಅಷ್ಟರಲ್ಲಿ ಫೋನು ಬಂತು. ಮಾವ.

"ಏನಾಯ್ತು ಮಗಾ? ಇವತ್ತೇನಾದ್ರೂ ಸಿಕ್ತಾ?"

ಜೀವಮಾನದಲ್ಲಿ ಮೊದಲ ಸಲ ಅವಳು ಅವರಿಗೆ ಸುಳ್ಳು ಹೇಳಿದಳು. "ಏನೂ ಇಲ್ಲ ಮಾವ. ಮನೆಗೇ ಬರ್ತಿದ್ದೀನಿ."

*

ಚರ್ಚಿನಿಂದ ಮನೆಗೆ ಎರಡು ಬೀದಿ. 'ಮಾಡಿದ್ಯಾ ಅಂತ ಯಾವತ್ತೂ ಕೇಳ್ಬೇಡ, ಯಾವಾಗ ಮಾಡಿದೆ ಅಂತ ಕೇಳು' ಎಂದು ಈ ಕಸುಬಿನ ಮೊದಲ ಪಾಠವನ್ನು ಮುನಿಶಾಮಿ ಹೇಳಿಕೊಟ್ಟಿದ್ದರು. ಆ ಎರಡು ಬೀದಿಯುದ್ದಕ್ಕೂ ಅವಳಿಗೆ ಬೇರೇನೂ ನೆನಪಾಗಲಿಲ್ಲ.

ಅವರು ಜಗುಲಿಯಲ್ಲಿ ಪೇಪರ್ ಹಾಸಿ, ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದರು. ಅರವತ್ಮೂರು ವರ್ಷ, ಇನ್ನೂ ಸ್ಟೇಷನ್ನಿನಲ್ಲಿ ಕೂತಂತೆ ನೆಟ್ಟಗೆ ಕೂರುವ ಮನುಷ್ಯ.

"ಬಾ ಬಾ. ತೊಳೆ ಜೇನಿದ್ದ ಹಾಗಿದೆ. ಒಂದು ಬಾಯಿಗೆ ಹಾಕ್ಕೋ."

"ಮೇಸ್ತ್ರಿಗೆ ಒಡೆದ ಗಾಜು ಯಾವಾಗ ಕೊಟ್ರಿ, ಮಾವ?"

ಚಾಕು ಒಂದು ಗಳಿಗೆ ನಿಂತಿತು. ಆಮೇಲೆ ಮುನಿಶಾಮಿ ನಕ್ಕರು. "ನಾನು ಹೇಳ್ಕೊಟ್ಟ ಪಾಠ ನನ್ನ ಮೇಲೇನಾ?"

"ಯಾವಾಗ?"

"ಜೂನ್ ಮೊದಲನೇ ವಾರ."

ಇವರು ಒಂದು ಸುಳ್ಳು ಹೇಳಬಾರದಿತ್ತೇ ಎಂದು ಅವಳಿಗೆ ಅನಿಸಿತು. ಹೇಳಿದ್ದರೆ ಇನ್ನೊಂದು ಅರ್ಧ ಗಂಟೆಯಾದರೂ ನಂಬಬಹುದಿತ್ತು.

"ಯಾಕೆ?"

"ಕೂತ್ಕೋ."

"ನಿಂತೇ ಕೇಳ್ತೀನಿ."

ಅವರು ತೊಳೆಯಿಂದ ಬೀಜ ಬಿಡಿಸುತ್ತಲೇ ಹೇಳಿದರು. "ಗುಡಿ ನೆಲ ನಮ್ಮದು ಕಣೇ. ಬರದಲ್ಲಿ ನಮ್ಮ ಮುತ್ತಾತ ಬೈರಪ್ಪ ಕೊಟ್ಟಿದ್ದು. ಸುಮ್ನೆ ಕೊಡ್ಲಿಲ್ಲ, ಕಲ್ಲಲ್ಲಿ ಬರೆಸಿ ಕೊಟ್ಟ. ಗುಡಿ ನಿಂತಿರೋವರ್ಗೂ ನೆಲ ಗುಡಿದು, ಗುಡಿ ಹೋದ್ರೆ ನೆಲ ಮನೇದು ಅಂತ. ಅದರ ನಕಲು ನಮ್ಮ ಪೆಟ್ಟಿಗೇಲಿತ್ತು. ಕಲ್ಲು ಮಾತ್ರ ಸುಣ್ಣದ ಕೆಳಗೆ ಎಲ್ಲೋ ಮುಚ್ಚಿಹೋಗಿತ್ತು. ಎಲ್ಲರಿಗೂ ಮರ್ತೂ ಹೋಗಿತ್ತು."

"ಫಾದರ್‌ಗೆ ಗೊತ್ತಾಗಿದ್ರೆ ಒಂದು ಇಟ್ಟಿಗೆನೂ ಮುಟ್ತಿರ್ಲಿಲ್ಲ."

"ಅದಕ್ಕೇ ಸೋಮವಾರದವರೆಗೂ ಗೊತ್ತಾಗ್ಬಾರ್ದಿತ್ತು." ಅವರ ಧ್ವನಿ ಏರಿತು. "ನಮ್ಮ ಹೊಲ ಲೇಔಟ್ ಆಯ್ತು, ರಸ್ತೆ ಆಯ್ತು, ಕೆರೆ ಅಂಗಳದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ನಮ್ಮನ್ನ ಕೇಳಿ ತಗೊಂಡೋನು ಒಬ್ಬನಾದ್ರೂ ಇದ್ದಾನಾ? ಹೋಗಿದ್ರಲ್ಲಿ ಒಂದು ತುಂಡು ವಾಪಸ್ ಬರೋದಿತ್ತು."

"ಕೇಳಿ ತಗೊಂಡಿದ್ದು ಆ ಗುಡಿಯವರೊಬ್ರೇ ಮಾವ."

ಅವರು ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಬಡಗಿಯನ್ನ ಊರಿಗೆ ಕಳ್ಸಿದ್ದು ಯಾಕೆ?"

"ಮಾಳಿಗೆ ಹಲಗೆ ಅಡಿಯಿಂದ ಅರ್ಧ ಕೊಯ್ದಿದ್ದು ಅವನು. ನಾನೇ ಕೊಯ್ಸಿದ್ದು." ಅವರು ಮೊದಲ ಸಲ ಅವಳ ಮುಖ ನೋಡಿದರು. "ಇಂಜಿನಿಯರ್‌ಗೆ ಒತ್ತಿ ತೋರ್ಸೋಕೆ, ಅಷ್ಟೇ. ಏಳು ವರ್ಷದಿಂದ ಹಾಡೋರು ಕೆಳಗೇ ಕೂರ್ತಾರೆ, ಮೇಲೆ ನರಪಿಳ್ಳೆ ಹತ್ತಲ್ಲ. ಇನ್ನಾಸ ಹತ್ತುತ್ತಾನೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ದೇವರಾಣೆ ರಮ್ಯಾ."

"ನನ್ನನ್ನ ಯಾಕೆ ಎಳೆದ್ರಿ ಇದಕ್ಕೆ?"

"ಲೂರ್ದಮ್ಮ ಸ್ಟೇಷನ್ ಮೆಟ್ಟಿಲು ಬಿಡ್ತಿರ್ಲಿಲ್ಲ. ಇನ್ಯಾರೋ ಹುಡುಕೋ ಬದ್ಲು ನೀನು ಹುಡುಕ್ಲಿ ಅನ್ನಿಸ್ತು."

"ನನಗೆ ಸಿಗಲ್ಲ ಅಂದ್ಕೊಂಡ್ರಾ?"

"ಸಿಗುತ್ತೆ ಅಂತ ಗೊತ್ತಿತ್ತು. ಸಿಕ್ಕಿದ್ದನ್ನ ಮೊದಲು ನನಗೆ ಹೇಳ್ತೀಯ ಅಂತಾನೂ ಗೊತ್ತಿತ್ತು."

ಆ ಮಾತು ಅವಳ ಎದೆಗೆ ನಾಟಿತು. ಮೋಸ ಹೋಗಿದ್ದು ಅವಳ ದಡ್ಡತನಕ್ಕಲ್ಲ, ಅವಳ ಪ್ರೀತಿಗೆ. ಅದನ್ನೇ ಇವರು ಬಂಡವಾಳ ಮಾಡಿಕೊಂಡಿದ್ದರು. ಈ ಮನುಷ್ಯನ ಮುಂದೆ ಅಳಬಾರದು ಎಂದು ಹಟ ಹಿಡಿದಳು.

"ಇನ್ನಾಸಪ್ಪ ಯಾಕೆ ಮೇಲೆ ಹತ್ತಿದ್ರು?"

"ನನಗೂ ಗೊತ್ತಿಲ್ಲ."

"ಇನ್ನೂ ಸುಳ್ಳೇನಾ?"

"ಗೊತ್ತಿಲ್ಲ ಅಂದ್ನಲ್ಲ!"

"ಅವನನ್ನ ಕೇಳ್ಬೇಡ. ಅವನಿಗೆ ನಿಜವಾಗ್ಲೂ ಗೊತ್ತಿಲ್ಲ."

ನಡುಮನೆಯ ಬಾಗಿಲಲ್ಲಿ ಅವಳ ಅಮ್ಮ ಮಂಜುಳಮ್ಮ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ತಮ್ಮನ ಪಕ್ಕದಲ್ಲಿ, ಪೇಪರಿನ ಅಂಚಿನಲ್ಲಿ ಕೂತಳು. ಮಗಳ ಕಡೆ ನೋಡಲಿಲ್ಲ.

"ಕಲ್ಲು ಮಾಳಿಗೆ ಗೋಡೇಲಿತ್ತು. ಹಲಗೆ ಕೊಯ್ಯೋ ಮೊದಲೇ ಇನ್ನಾಸ ಸುಣ್ಣ ಕೆರೆದು ಹುಡುಕಿದ್ದ," ಎಂದಳು. "ರಾಯಪ್ಪರ ಹಬ್ಬದ ಮೊದಲ ಮೇಣದಬತ್ತಿ ಬೈರಪ್ಪನ ಮನೆಗೇ ಕೊಡ್ಬೇಕು ಅಂತ ಗುಡಿಯವರದ್ದು ಒಂದು ಪದ್ಧತಿ ಇದೆಯಲ್ಲ. ಇದನ್ನೂ ಹಾಗೇ ಅಂದ್ಕೊಂಡ ಪಾಪ. ಫಾದರ್‌ಗೂ ಹೇಳದೆ, ಹೆಂಡ್ತಿಗೂ ಹೇಳದೆ, ಮೊದಲು ನನ್ನ ಹತ್ರ ಬಂದ. ಮಂಜುಳಕ್ಕ, ನಿಮ್ಮ ಮನೆ ದೊಡ್ಡತನ ಕಲ್ಲಲ್ಲಿ ಬರ್ದಿದೆ, ಮೊದಲು ನೀವು ನೋಡ್ಬೇಕು, ಆಮೇಲೆ ಬೇರೆಯವರು ಅಂದ. ಅಷ್ಟು ಸಂತೋಷ ಅವನಿಗೆ. ಕರ್ಕೊಂಡ್ ಹೋದ."

"ಅಮ್ಮಾ..."

"ನಾನು ಮೆಟ್ಟಿಲ ತುದೀಲಿ ನಿಂತ್ಕೊಂಡೆ. ಅವನು ಕಲ್ಲಿನ ಹತ್ರ ನಡೆದ. ಎಡಗಡೆಯಿಂದ ಮೂರನೇ ಹಲಗೆ ಅಂತ ಮುನಿಶಾಮಿ ನನಗೆ ಮೊದಲೇ ಹೇಳಿದ್ದ."

"ಅಕ್ಕಾ!" ಮುನಿಶಾಮಿ ಎದ್ದು ನಿಂತರು. ಎಣ್ಣೆಯ ಬಟ್ಟಲು ಉರುಳಿತು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಈ ಮಾತನ್ನು ಅವರೂ ಮೊದಲ ಸಲ ಕೇಳುತ್ತಿದ್ದರು.

ಮಂಜುಳಮ್ಮ ನಿಲ್ಲಿಸಲಿಲ್ಲ. "ನಾನು ತಳ್ಳಲಿಲ್ಲ ರಮ್ಯಾ. ಮುಟ್ಟಲೂ ಇಲ್ಲ. ಇನ್ನಾಸ, ಆ ಹಲಗೆ ಬೇಡ ಅನ್ನೋಕೆ ಬಾಯಿ ತೆರೆದೆ. ಇನ್ನೂ ಎರಡು ಹೆಜ್ಜೆ ಇತ್ತು." ಅವಳು ತೊಡೆಯ ಮೇಲಿನ ಕೈಗಳನ್ನು ನೋಡಿಕೊಂಡಳು. "ಅನ್ನಲಿಲ್ಲ."

ಮೇಲಿನ ವಠಾರದಲ್ಲಿ ಯಾರದೋ ಕುಕ್ಕರ್ ಕೂಗಿತು. ಮಗಳನ್ನು ಸಾಕಲು ಗಾರ್ಮೆಂಟ್ಸ್‌ನಲ್ಲಿ ಹದಿನೈದು ವರ್ಷ ನಿಂತು ದುಡಿದ ಅಮ್ಮ. ಸುಳ್ಳು ಹೇಳಿದರೆ ಬಾಯಿಗೆ ಮೆಣಸಿನಕಾಯಿ ತುಂಬುತ್ತಿದ್ದ ಅಮ್ಮ. ರಮ್ಯಶ್ರೀ ಜಗುಲಿಯ ಕಂಬ ಹಿಡಿದುಕೊಂಡಳು.

ಹಿಂದುಗಡೆ ಗೇಟು ಕಿರ್ರೆಂದಿತು.

ಲೂರ್ದಮ್ಮ ಒಳಗೆ ಬಂದಳು. ಚರ್ಚಿನಲ್ಲಿ ಕಾದು ಕೂರಲಾರದೆ ಹಿಂದೆಯೇ ನಡೆದು ಬಂದಿರಬೇಕು, ಏದುಸಿರು ಬಿಡುತ್ತಿದ್ದಳು. ಮುನಿಶಾಮಿಯವರ ಮುಖ ನೋಡಿ ಅಲ್ಲೇ ತಡೆದಳು. ಆಮೇಲೆ ಮಂಜುಳಮ್ಮನನ್ನು ಕಂಡು, ತನ್ನ ಪರವಾಗಿ ಮಾತಾಡುವ ಹೆಂಗಸೊಬ್ಬಳು ಇಲ್ಲಿದ್ದಾಳೆ ಎಂಬ ಧೈರ್ಯದಿಂದ ನೇರವಾಗಿ ಹೋಗಿ ಅವಳ ಪಕ್ಕದಲ್ಲಿ ನಿಂತು, ಅವಳ ಭುಜದ ಮೇಲೆ ಕೈಯಿಟ್ಟಳು.

"ನನ್ನ ಗಂಡ ಯಾಕೆ ಹತ್ತಿದ ಅಂತ ಗೊತ್ತಾಯ್ತೇನಮ್ಮ?" ಎಂದು ರಮ್ಯಶ್ರೀಯನ್ನು ಕೇಳಿದಳು.